ತಾನಾಗಿ ಬದಲಾಗುವ ಸಾಲು

ನಮ್ಮ ಊರಿನಲ್ಲಿ ಕರೆಂಟ್ ಹೋದರೆ ಮನೆಗಳು ಜಾಗ ಬದಲಿಸುತ್ತವೆ. ಎಲ್ಲ ಮನೆಗಳೂ ಅಲ್ಲ, ಎಲ್ಲ ಸಲವೂ ಅಲ್ಲ. ಒಮ್ಮೊಮ್ಮೆ ಒಂದು ಓಣಿಯ ನಾಲ್ಕಾರು ಮನೆ ಅದಲುಬದಲಾಗುತ್ತವೆ, ಒಮ್ಮೊಮ್ಮೆ ಅರ್ಧ ಊರೇ. ಸದ್ದಾಗುವುದಿಲ್ಲ, ಒಲೆಯ ಮೇಲಿನ ಹಾಲು ತುಳುಕುವುದಿಲ್ಲ. ಫ್ಯಾನ್ ನಿಂತಿತಲ್ಲ ಎಂದು ಬಾಗಿಲಿಗೆ ಬಂದು ನೋಡಿದರೆ ಎದುರಿಗೆ ಬೇರೆ ಯಾರದೋ ಕಟ್ಟೆ, ಬೇರೆ ಯಾರೋ ಒಣಹಾಕಿದ ಸೀರೆ. ಇದಕ್ಕೆ ನಾವು ಹೊಂದಿಕೊಂಡು ಯಾವ ಕಾಲವಾಯಿತೋ. ನಮ್ಮಲ್ಲಿ ಕಡ ತಂದ ಜರಡಿಯನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹಿಟ್ಟು ಜರಡಿ ಹಿಡಿದ ಕೂಡಲೇ ಓಡಿಹೋಗಿ ಕೊಟ್ಟು ಬರುತ್ತಾರೆ. ನೆರೆಮನೆಯವರೊಂದಿಗೆ ಜಗಳವೂ ಹೆಚ್ಚು ಬೆಳೆಯುವುದಿಲ್ಲ. ಅರ್ಧ ಬೈದಿರುತ್ತೀರಿ, ಕರೆಂಟ್ ಹೋಗುತ್ತದೆ, ಉಳಿದರ್ಧ ಕೇಳಬೇಕಾದವರು ಊರಿನ ಆ ತುದಿಯಲ್ಲಿರುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ತವರು ದೂರವೋ ಹತ್ತಿರವೋ ಎಂದು ಕೇಳಿದರೆ ಹಿರಿಯರು, ಅದು ಕರೆಂಟಿನ ಮರ್ಜಿ ಎನ್ನುತ್ತಾರೆ.

ನಾನು ಇಲ್ಲಿಯ ಹೆರಿಗೆ ಆಸ್ಪತ್ರೆಯ ನರ್ಸ್. ಹೆಸರು ನೀಲಾಂಬಿಕೆ, ಆದರೆ ಸಿಸ್ಟರ್ ಎಂದು ಕೂಗಿದರಷ್ಟೇ ತಿರುಗಿ ನೋಡುವ ರೂಢಿಯಾಗಿದೆ. ಬಸುರಿ ಹೆಂಗಸರ ಮನೆಗೆ ಹೋಗಿ ಬಿಪಿ ನೋಡುವುದು, ಸೂಜಿ ಹಾಕುವುದು, ಕಬ್ಬಿಣದ ಮಾತ್ರೆ ನುಂಗಿದರೋ ಹಿತ್ತಲಿಗೆ ಎಸೆದರೋ ಎಂದು ವಿಚಾರಿಸುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಗಳೇ ನಿಲ್ಲದ ಊರಿನಲ್ಲಿ ಮನೆ ಮನೆ ತಿರುಗುವ ಕೆಲಸ ಮಾಡುವವಳಿಗೆ ಸಿಟ್ಟು ಬೇರೆಲ್ಲಿ ಇರಬೇಕು? ಫೋನ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ನಿಮ್ಮ ಮನೆ ಎಲ್ಲಿದೆ ಎಂದು ಕೇಳಿದರೆ ಮನೆಯೊಳಗೆ ಮಲಗಿರುವವಳು ಏನು ಹೇಳಿಯಾಳು? ಕಿಟಕಿಯಾಚೆ ಒಂದು ಗೋಡೆ ಕಾಣುತ್ತದೆ ಎನ್ನುತ್ತಾಳೆ. ಊರೆಲ್ಲ ಗೋಡೆಗಳೇ.

ಊರಿನಲ್ಲಿ ಆಸ್ಪತ್ರೆ, ಕಂಪ್ಯೂಟರುಗಳಿಗೆ ಇಂಟರ್ನೆಟ್ ಲೈನ್ ಕೊಡುವ ಲೈನ್ ಆಫೀಸು, ಸಂತೆ ಮೈದಾನ ಇವು ಮಾತ್ರ ಕದಲುವುದಿಲ್ಲ. ಉಳಿದದ್ದನ್ನು ಹುಡುಕಲು ಕಂಪ್ಯೂಟರುಗಳಿವೆ. ಆಸ್ಪತ್ರೆಯಲ್ಲೊಂದು, ಅಂಗಡಿಗಳಲ್ಲಿ ಒಂದೊಂದು. ಮನೆಯವರ ಹೆಸರು ಹಾಕಿದರೆ ಆ ಮನೆ ಈಗ ಯಾವ ಓಣಿಯಲ್ಲಿ ಎಷ್ಟನೆಯದು ಎಂದು ಹೇಳುತ್ತವೆ. ಬಹಳ ದಿನ ನಾನು ಆ ಕಂಪ್ಯೂಟರಿಗೇ ಎಲ್ಲವೂ ಗೊತ್ತಿದೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ಬಿಡಿಸಿ ಹೇಳಿದವರು ನಮ್ಮ ಕಂಪೌಂಡರ್ ಖಾಜಾಸಾಬರು. ಮಾತ್ರೆ ಎಣಿಸುವುದರ ಜೊತೆಗೆ ಆ ಯಂತ್ರದ ಉಸ್ತುವಾರಿಯೂ ಅವರದೇ.

"ಇದಕ್ಕ ಯಾರ ಮನಿನೂ ಗೊತ್ತಿಲ್ರೀ ಸಿಸ್ಟರ್," ಎಂದಿದ್ದರು. "ಯಾರನ್ನ ಕೇಳಬೇಕು ಅನ್ನೂದಷ್ಟ ಗೊತ್ತು. ನೀವು ಇದನ್ನ ಕೇಳ್ತೀರಿ, ಇದು ಅವರನ್ನ ಕೇಳ್ತೈತಿ."

ಅದು ಲಿನಕ್ಸ್ ಹಾಕಿದ ಯಂತ್ರ. ಅದರ ಹೊಟ್ಟೆಯಲ್ಲಿ ರಿಸಾಲ್ವ್ ಎಂಬ ಪುಟ್ಟದೊಂದು ಕಡತ. ಆ ಕಡತದಲ್ಲಿ ನೇಮ್‌ಸರ್ವರ್ ಎಂದು ಬರೆದು ಮುಂದೆ ಒಂದು ಅಂಕಿ. ಯಾರನ್ನು ಕೇಳಬೇಕೋ ಅವರ ಯಂತ್ರ ಆ ಹೊತ್ತಿಗೆ ಎಲ್ಲಿದೆ ಎಂಬುದರ ಗುರುತು ಅದು. ನಮ್ಮ ಕಡತದಲ್ಲಿ ಇರುತ್ತಿದ್ದುದು ಲೈನ್ ಆಫೀಸಿನ ದೊಡ್ಡ ಯಂತ್ರದ ಅಂಕಿ. ಕರೆಂಟ್ ಬಂದ ಕೂಡಲೇ ಲೈನ್ ಇರುವ ಮನೆಗಳೆಲ್ಲ ತಾವು ಎಲ್ಲಿ ಬಿದ್ದಿದ್ದೇವೆಂದು ಆ ದೊಡ್ಡ ಯಂತ್ರಕ್ಕೆ ಹೇಳಿಕೊಳ್ಳುತ್ತವೆ. ಹಾಗಾಗಿ ಅದಕ್ಕೆ ಹಳ್ಳದ ಈಚೆಯ ಊರೆಲ್ಲ ಗೊತ್ತು.

ಹಳ್ಳದ ಆಚೆ ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ ಕೇರಿ. ಅಲ್ಲಿ ಯಾರ ಮನೆಗೂ ಲೈನ್ ಇಲ್ಲ. ಆ ಮನೆಗಳೂ ಸರಿಯುತ್ತವೆ, ತಮ್ಮತಮ್ಮೊಳಗೇ. ಆಚೆಯವರ ಯಾವ ಹೆಸರು ಹಾಕಿದರೂ ನಮ್ಮ ಯಂತ್ರ ಕೊಡುತ್ತಿದ್ದ ಉತ್ತರ ಒಂದೇ: ಈ ಹೆಸರಿನವರು ಇಲ್ಲ. ಗೊತ್ತಿಲ್ಲ ಎಂದಿದ್ದರೆ ನನಗೆ ಅಷ್ಟು ಮೈ ಉರಿಯುತ್ತಿರಲಿಲ್ಲ.

ಆಚೆಯವರಿಗೆ ತಮ್ಮದೇ ಆದ ಒಂದು ಪದ್ಧತಿ ಇತ್ತು. ಮನೆ ಸರಿದರೆ ಮನೆಗೊಬ್ಬರು ಫಕೀರವ್ವನ ಚುರುಮುರಿ ಭಟ್ಟಿಗೆ ಹೋಗಿ, ನಾವು ಇಂಥಲ್ಲಿ ಬಿದ್ದೇವೆ ಎಂದು ಹೇಳಿ ಬರಬೇಕು. ಹೇಳಲು ಬಂದವರ ಉಡಿಗೆ ಅವಳು ಒಂದು ಹಿಡಿ ಬಿಸಿ ಚುರುಮುರಿ ಹಾಕುತ್ತಾಳೆ. ಸಂಜೆ ದುಡಿದು ಬಂದವರು ಅವಳನ್ನು ಕೇಳಿಕೊಂಡೇ ತಮ್ಮ ಮನೆಗೆ ಹೋಗುವುದು. ಭಟ್ಟಿಯೂ ಅಪರೂಪಕ್ಕೆ ಸರಿಯುತ್ತಿತ್ತು. ಆದರೆ ಅವರು ಹುರಿದ ಅಕ್ಕಿಯ ವಾಸನೆ ಹಿಡಿದೇ ಅದನ್ನು ಹುಡುಕಿಕೊಳ್ಳುತ್ತಿದ್ದರು. ನನ್ನ ಮೂಗಿಗೆ ಫಿನಾಯಿಲ್ ಬಿಟ್ಟರೆ ಬೇರೆ ವಾಸನೆ ಹತ್ತುವುದಿಲ್ಲ. ಇಟ್ಟಿಗೆ ಭಟ್ಟಿಗಳ ಹೊಗೆಯ ನಡುವೆ ಅವಳದು ಯಾವ ಹೊಗೆ ಎಂದು ಹುಡುಕುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

ನಮ್ಮ ಡಾಕ್ಟರಮ್ಮ ಆಸ್ಪತ್ರೆಯ ಹಳೆಯ ಯಂತ್ರವೊಂದನ್ನು ಫಕೀರವ್ವನಿಗೆ ಕೊಡಿಸಿ, ಭಟ್ಟಿಗೆ ಲೈನ್ ಎಳೆಸಿದರು. ಖಾಜಾಸಾಬರು ಹೋಗಿ ಕಲಿಸಿಕೊಟ್ಟರು. ಒಂದು ಕೈಯಲ್ಲಿ ಜಾಲರಿ ಸೌಟು ಹಿಡಿದೇ ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಅವಳು ಹೆಸರು ಕುಟ್ಟುವುದನ್ನು ಕಲಿತಳು. ಕೀಲಿಮಣೆಯ ಸಂದಿಯಲ್ಲೆಲ್ಲ ಚುರುಮುರಿ. ತನಗೆ ಗೊತ್ತಿಲ್ಲದ ಹೆಸರು ಬಂದರೆ ಅವಳ ಯಂತ್ರ ಲೈನ್ ಆಫೀಸನ್ನು ಕೇಳಿ ಹೇಳುತ್ತಿತ್ತು. ಅಂದರೆ ಅವಳೊಬ್ಬಳನ್ನು ಕೇಳಿದರೆ ಆಚೆಯದೂ ಸಿಕ್ಕಿತು, ಈಚೆಯದೂ ಸಿಕ್ಕಿತು. ಖಾಜಾಸಾಬರು ನಮ್ಮ ಕಡತದಲ್ಲಿ ಲೈನ್ ಆಫೀಸಿನ ಅಂಕಿ ಅಳಿಸಿ ಫಕೀರವ್ವನ ಅಂಕಿ ಬರೆದರು. ನಾನು ಆಚೆಯ ಒಂದು ಹೆಸರು ಹಾಕಿದೆ. ಓಣಿ, ಮನೆ ಎರಡೂ ಬಂದವು. ಆ ಖುಷಿಗೆ ನಾವಿಬ್ಬರೂ ಎರಡೆರಡು ಸಲ ಚಹಾ ಕುಡಿದೆವು.

ಕರೆಂಟ್ ಹೋಯಿತು, ಬಂತು. ಮತ್ತೆ ಅದೇ ಹೆಸರು ಹಾಕಿದರೆ, ಈ ಹೆಸರಿನವರು ಇಲ್ಲ. ಕಡತ ತೆಗೆದು ನೋಡಿದರೆ ಫಕೀರವ್ವ ಮಾಯವಾಗಿ ಲೈನ್ ಆಫೀಸು ಬಂದು ಕೂತಿತ್ತು. ಮೇಲೊಂದು ಸಾಲು ಬೇರೆ: ಇದನ್ನು ಕೈಯಿಂದ ತಿದ್ದಬೇಡಿ, ತಿದ್ದಿದ್ದು ಉಳಿಯುವುದಿಲ್ಲ.

"ಯಾರ್ರೀ ಇದನ್ನ ತಿದ್ದಿದವರು? ಆಸ್ಪತ್ರೆಗೆ ಬೇರೆ ಯಾರೂ ಬಂದೇ ಇಲ್ಲವಲ್ಲ!" ಎಂದೆ.

"ತಾನ ತಿದ್ದಿಕೊಂತೈತ್ರೀ. ಲೈನ್ ಏರಿದ ಕೂಡ್ಲೆ ಲೈನ್ ಆಫೀಸಿನಿಂದ ಹೊಸಾ ಅಂಕಿ ಬರ್ತೈತಿ. ಅದನ್ನ ಇಸಗೊಳ್ಳಾಕ ಇದರಾಗ ಪ್ರೋಗ್ರಾಮ್ ಅನ್ನೂ ಒಬ್ಬಾಂವ ಅದಾನ. ಅವನ ಮ್ಯಾಲ ನೆಟ್‌ವರ್ಕ್ ಮ್ಯಾನೇಜರ್ ಅಂತ ಇನ್ನೊಬ್ಬ. ಆಂವ ಹಳೇದೆಲ್ಲಾ ಒರಸಿ ಹೊಸಾದು ಬರೀತಾನ. ನಾವು ಬರದದ್ದು, ಅವರು ಬರದದ್ದು ಅಂತ ಫರಕ ಮಾಡೂದಿಲ್ಲ."

ಅಂದಿನಿಂದ ಕರೆಂಟ್ ಬಂದಾಗಲೆಲ್ಲ ಖಾಜಾಸಾಬರು ಕೂತು ಫಕೀರವ್ವನ ಅಂಕಿ ಈಗ ಯಾವುದೆಂದು ಲೈನ್ ಆಫೀಸನ್ನೇ ಕೇಳಿ, ಅದನ್ನು ಮತ್ತೆ ಕೈಯಿಂದ ಬರೆಯುವುದು ನಡೆಯಿತು. ನಮ್ಮ ಊರಿನ ಕರೆಂಟು ನಿಮಗೆ ಗೊತ್ತಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಆ ಕೆಲಸ. ಅವರು ಔಷಧಿ ಕೊಡುತ್ತಿರುವಾಗ ಕರೆಂಟ್ ಬಂದರೆ ಬರೆಯುವುದು ತಡವಾಗುತ್ತಿತ್ತು. ತಡವಾದಾಗ ನಾನು ಆಚೆಯ ಓಣಿಗಳಲ್ಲಿ ಬೀಗ ಹಾಕಿದ ಬಾಗಿಲುಗಳನ್ನು ಎಣಿಸುತ್ತ ಅಲೆಯುತ್ತಿದ್ದೆ.

ಆ ದಿನಗಳಲ್ಲೇ ಹುಲಿಗೆವ್ವ ಎರಡನೆಯ ಬಾರಿ ಬಸುರಿಯಾಗಿದ್ದಳು. ಅವಳದು ಆಚೆಯ ಕೇರಿ. ಗಂಡ ಗೌಂಡಿ ಕೆಲಸಕ್ಕೆ ಪರಊರಿಗೆ ಹೋಗಿದ್ದ, ಮನೆಯಲ್ಲಿ ಅತ್ತೆ ಮತ್ತು ಅವಳು. ಮೊದಲ ಕೂಸು ಉಳಿದಿರಲಿಲ್ಲ. ಬಿಪಿ ಏರಿ ಫಿಟ್ಸ್ ಬಂದಿದ್ದವು. ಆಗಿನ್ನೂ ನಾನು ಈ ಊರಿಗೆ ಬಂದಿರಲಿಲ್ಲ. ಹೊರಟ ಗಾಡಿ ಮನೆ ಸಿಗದೆ ಹಳ್ಳದ ಸೇತುವೆಯಿಂದ ಹಿಂತಿರುಗಿತ್ತಂತೆ. ಈ ಸಲವೂ ಏಳನೆಯ ತಿಂಗಳಲ್ಲೇ ಬಿಪಿ ಮೇಲೆ ಹೋಗತೊಡಗಿತು, ಕಾಲು ಊದಿದವು. ಆಸ್ಪತ್ರೆಗೇ ಬಂದು ಇರು ಎಂದರೆ ಒಪ್ಪಲಿಲ್ಲ. ಅತ್ತೆಯ ಕಣ್ಣು ಮಂಜು, ಒಬ್ಬಳನ್ನೇ ಬಿಡಲಾರೆ ಎಂದಳು. ಒಂಬತ್ತಕ್ಕೆ ಬಿದ್ದ ಮೇಲೆ ಬರುತ್ತೇನೆ ಎಂದಳು. ಅಲ್ಲಿಯವರೆಗೆ ದಿನ ಬಿಟ್ಟು ದಿನ ನಾನೇ ಬರುತ್ತೇನೆ ಎಂದು ಮಾತು ಕೊಟ್ಟೆ.

ಒಮ್ಮೆ ಹಾಗೆ ಹೊರಟವಳಿಗೆ ಯಂತ್ರ, ಈ ಹೆಸರಿನವರು ಇಲ್ಲ ಎಂದಿತು. ಅಲೆದು ಅಲೆದು, ಕಡೆಗೆ ಒಬ್ಬ ಅಜ್ಜ ಕೈಹಿಡಿದು ತೋರಿಸಿ, ನಾನು ಅವಳ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಹುಲಿಗೆವ್ವ ಬಾಗಿಲಲ್ಲೇ ಕೂತಿದ್ದಳು. ತಡವಾದದ್ದು ಯಾಕೆಂದು, ಯಂತ್ರ ನೀನು ಇಲ್ಲವೇ ಇಲ್ಲ ಎಂದಿತೆಂದು, ನಾನು ಸಿಟ್ಟಿನಲ್ಲಿ ಒದರಿದೆ. ಅವಳು ನಕ್ಕಳು.

"ನಿಮ್ಮ ಮಿಷನ್ನಿನ್ಯಾಗ ನಾವು ಇಲ್ಲಂತೇನ್ರೀ ಅಕ್ಕಾರ? ಹಂಗಾರ ಈ ಕಾಲು ಯಾರವು? ಹಿಂಗ ಊದ್ಯಾವ ನೋಡ್ರಿ."

ನನಗೆ ನಗು ಬರಲಿಲ್ಲ. ಬಿಪಿ ಪಟ್ಟಿ ಸುತ್ತಿ ಎರಡೆರಡು ಸಲ ನೋಡಿದೆ.

ಮರುದಿನ ಖಾಜಾಸಾಬರ ಹಿಂದೆ ಬಿದ್ದೆ. ಆ ಕಡತಕ್ಕೆ ಬೀಗ ಹಾಕಲು ಬರುವುದಿಲ್ಲವೇ ಎಂದು ಕೇಳಿದೆ. ಬರುತ್ತದೆ ಎಂದರು. ಯಾರೂ ತಿದ್ದಲಾರದ ಹಾಗೆ ಮಾಡುವ ಒಂದು ಆಜ್ಞೆ ಇದೆಯಂತೆ. ಆದರೆ ಅವರಿಗೆ ಅಷ್ಟು ಮನಸ್ಸಿರಲಿಲ್ಲ. "ಬರೆಯಾಂವ ಏನೋ ಒಂದು ಕಾರಣಕ್ಕ ಬರಿತಿರ್ತಾನ್ರೀ," ಎಂದು ಗೊಣಗಿದರು. ಕಾರಣವೂ ಬೇಡ, ಏನೂ ಬೇಡ, ಹಾಕಿ ಬೀಗ ಎಂದೆ. ಹಾಕಿದರು. ಕರೆಂಟ್ ಹೋಗಿ ಬಂತು. ಕಡತದಲ್ಲಿ ಫಕೀರವ್ವ ಗಟ್ಟಿಯಾಗಿ ಕೂತಿದ್ದಳು. ಲೈನ್ ಆಫೀಸಿನ ಸೊಕ್ಕು ಮುರಿದೆ ಎಂದು ನಾನು ಆಸ್ಪತ್ರೆಯ ತುಂಬ ಹೇಳಿಕೊಂಡು ತಿರುಗಿದೆ. ಭಟ್ಟಿ ಅಪರೂಪಕ್ಕೆ ಸರಿಯುವಂಥದ್ದಲ್ಲವೇ, ಕೆಲವು ವಾರ ಎಲ್ಲವೂ ಸಲೀಸಾಗಿ ನಡೆಯಿತು. ಹುಲಿಗೆವ್ವನ ಮನೆ ಒಂದು ಸಲವೂ ತಪ್ಪಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂದಿತು. ಖಾಜಾಸಾಬರು ತಂಗಿಯ ಮನೆಯ ಮದುವೆಗೆಂದು ಊರಲ್ಲಿರಲಿಲ್ಲ. ಔಷಧಿಯ ಕಪಾಟು ಒರೆಸುತ್ತಿದ್ದ ನನಗೆ ಹುಲಿಗೆವ್ವನ ಅತ್ತೆಯ ಫೋನ್ ಬಂತು.

"ಯವ್ವಾ, ಸೊಸಿಗಿ ತಲಿ ಸಿಡ್ಯಾಕತ್ತೈತಂತ. ಕಣ್ಣ ಮುಂದ ಮಿಂಚ್ ಹೊಡದಂಗ ಆಗತೈತಿ ಅಂತಾಳ. ಲಗೂನ ಬಾರವ್ವಾ."

ಅದರ ಅರ್ಥ ನನಗೆ ಗೊತ್ತಿತ್ತು. ಮುಂದಿನದು ಫಿಟ್ಸ್. ಓಡಿಹೋಗಿ ಯಂತ್ರದ ಮುಂದೆ ಕೂತು ಹೆಸರು ಹಾಕಿದೆ. ಇದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಸುಮ್ಮನೆ ಕಾಯುತ್ತ ಕೂತಿತು. ಈಚೆಯ ಒಬ್ಬರ ಹೆಸರು ಹಾಕಿದೆ, ಅದಕ್ಕೂ ಮೌನ. ಡಾಕ್ಟರಮ್ಮ ಹೆರಿಗೆ ಕೋಣೆಯಲ್ಲಿದ್ದರು. ಡ್ರೈವರ್ ಗುರುಪಾದ ಇನ್ನೊಬ್ಬ ಬಾಣಂತಿಯನ್ನು ಮನೆಗೆ ಬಿಡಲು ಗಾಡಿ ತೆಗೆದುಕೊಂಡು ಹೋಗಿದ್ದ. ಲೈನ್ ಆಫೀಸಿನವರೇ ನಮ್ಮ ಮೇಲಿನ ಹಗೆಗೆ ಏನೋ ಮಾಡಿದ್ದಾರೆ ಎಂದುಕೊಂಡೆ. ಸೂಜಿ, ಔಷಧಿಗಳನ್ನು ಚೀಲಕ್ಕೆ ತುಂಬಿ ಸ್ಕೂಟರ್ ಹತ್ತಿದವಳು ಸೀದಾ ಅಲ್ಲಿಗೇ ಹೋದೆ.

ಲೈನ್ ಆಫೀಸನ್ನು ನೋಡಿಕೊಳ್ಳುವವರು ಪಂಪಣ್ಣ ಎಂಬ ಒಬ್ಬರೇ. ದಪ್ಪ ಕನ್ನಡಕ, ಹೆಗಲ ಮೇಲೆ ಟವೆಲ್ಲು. ಊರಿನ ಅರ್ಧ ಬೈಗುಳ ಕೆಇಬಿಗೆ, ಉಳಿದರ್ಧ ಅವರಿಗೆ ಹಂಚಿಕೆಯಾಗಿರುತ್ತದೆ. ನಾನು ಬಾಗಿಲಿನಿಂದಲೇ ಶುರು ಮಾಡಿದೆ. ಏನು ಬೈದೆನೋ ಈಗ ನೆನಪಿಲ್ಲ, ಕಡಿಮೆಯಂತೂ ಇರಲಿಕ್ಕಿಲ್ಲ. ಅವರು ಟವೆಲ್ಲಿನಲ್ಲಿ ಕನ್ನಡಕ ಒರೆಸಿಕೊಂಡರು. ನಾನು ಉಸಿರೆಳೆದುಕೊಳ್ಳಲು ನಿಂತಾಗ ಕೇಳಿದರು.

"ಯಾರ ಮನಿ ಬೇಕ್ರೀ ನಿಮಗ?"

"ಹುಲಿಗೆವ್ವ. ಹಳ್ಳದಾಚೆ. ನಿಮ್ಮ ಯಂತ್ರಕ್ಕೆ ಅವಳು ಇಲ್ಲವೇ ಇಲ್ಲ, ಗೊತ್ತೇ ನಿಮಗೆ? ಫಕೀರವ್ವನಿಗೆ ಗೊತ್ತಿತ್ತು. ಅವಳನ್ನು ಕೇಳುತ್ತಿದ್ದೆವು, ಅದಕ್ಕೂ ಕಲ್ಲು ಹಾಕಿದಿರಿ."

"ಫಕೀರವ್ವ ಅಂದ್ರ ಚುರುಮುರಿ ಭಟ್ಟಿ ಲೈನು, ಹೌದಲ್ರೀ? ಮುಂಜಾನೆ ಕರೆಂಟ್ ಹ್ವಾದಾಗ ಆ ಭಟ್ಟಿನ ಸರದೈತ್ರೀ. ಆಕಿ ಅಂಕಿನೂ ಬದಲಾಗೇತಿ. ನಿಮ್ಮಲ್ಲಿ ಹಳೇದ ಐತೇನು?"

ಆಗ ನನಗೆ ಹೊಳೆಯಿತು. ನಾವು ಬೀಗ ಹಾಕಿ ಕಾಪಾಡಿದ್ದು ಭಟ್ಟಿ ನಿನ್ನೆ ಇದ್ದ ಜಾಗವನ್ನು. ಆ ಜಾಗದಲ್ಲಿ ಈಗ ಯಾರದೋ ಗುಡಿಸಲು ಬಂದು ಕೂತಿತ್ತು. ನಮ್ಮ ಯಂತ್ರ ಅದರ ಗೋಡೆಯ ಮುಂದೆ ನಿಂತು ಪ್ರಶ್ನೆ ಕೇಳುತ್ತಿತ್ತು.

ಪಂಪಣ್ಣ ಆಗಲೇ ತಮ್ಮ ಯಂತ್ರದ ಕಡೆ ತಿರುಗಿದ್ದರು. "ಆಕಿನ್ನ ನೆಟ್ಟಗ ಕೇಳಿಬಿಡೂಣು ತಡೀರಿ," ಎಂದು ಏನೋ ಕುಟ್ಟಿದರು. "ಬಂತು ನೋಡ್ರಿ. ಬೇವಿನ ಮರದ ಓಣಿ, ಎಡಕ್ಕ ಮೂರನೇ ಮನಿ."

ನಾನು ಬಾಗಿಲಿಗೆ ಓಡಿದೆ. ಹಿಂದಿನಿಂದ ಅವರ ದನಿ ಕೇಳಿತು.

"ಸಿಸ್ಟರ್, ಆಕೀಗೆ ಆಚೀ ಮಂದಿ ಎಲ್ಲಾರೂ ಗೊತ್ತು ಅಂತ ನನಗ ಯಾರೂ ಹೇಳೇ ಇಲ್ರೀ. ಕೂಸು ಅಳದ ಹೊರ್ತು ತಾಯಿನೂ ಹಾಲು ಕುಡಸೂದಿಲ್ಲ. ಒಂದು ಮಾತು ಹೇಳಿದ್ರ ನಾನ ಬರದಿಡ್ತಿದ್ನಿ. ನಾ ಇಲ್ಲಿ ಒಮ್ಮೆ ಬರದ್ರ ಲೈನ್ ಏರಿದಾಗೆಲ್ಲಾ ಊರಿನ ಎಲ್ಲಾ ಮಿಷನ್ನಿಗೂ ತಾನಾಗೇ ಹೋಗತೈತಿ. ಆಕಿ ಎಲ್ಲಿ ಬಿದ್ರೂ ಮೊದಲು ನನ್ನ ಮುಂದ ಬಂದು ಹೇಳತಾಳ. ಹೋಗ್ರಿ, ಹೋಗ್ರಿ, ನಾ ನೋಡ್ಕೋತೀನಿ."

ಬೈದ ಬಾಯಿಂದ ಥ್ಯಾಂಕ್ಸ್ ಎನ್ನಲೂ ಪುರುಸೊತ್ತಿರಲಿಲ್ಲ. ಗುರುಪಾದನಿಗೆ ಫೋನ್ ಮಾಡಿ ಬೇವಿನ ಮರದ ಓಣಿ, ಮೂರನೆಯ ಮನೆ, ಗಾಡಿ ತಾ ಎಂದೆ. ಹಳ್ಳ ದಾಟಿ ಓಣಿ ಹೊಕ್ಕು ನೋಡಿದರೆ, ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹುಲಿಗೆವ್ವ ಒಳಗೆ ನೆಲದ ಮೇಲೆ ಮಲಗಿ ಎರಡೂ ಕೈಗಳಿಂದ ಹಣೆ ಒತ್ತಿಕೊಂಡಿದ್ದಳು. ಬಿಪಿ ಎಷ್ಟಿತ್ತೆಂದು ನಾನು ಅವಳಿಗೆ ಹೇಳಲಿಲ್ಲ. ಫಿಟ್ಸ್ ತಡೆಯುವ ಇಂಜೆಕ್ಷನ್ ಕೊಟ್ಟು, ಎಡಮಗ್ಗುಲಾಗಿ ಮಲಗಿಸಿದೆ. ಕೂಸಿನ ಎದೆಬಡಿತ ಕೇಳಿದೆ, ಇತ್ತು. ಇನ್ನು ಗಾಡಿ ಬಂದರಾಯಿತು, ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಡಲೇ ಕೂಸನ್ನು ತೆಗೆದರಾಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ತಲೆಯ ಮೇಲಿನ ಬಲ್ಬು ಆರಿತು.

ಅತ್ತೆ ಬಾಗಿಲಾಚೆ ಕೈ ಚಾಚಿ ತಡವಿ ನೋಡಿದಳು. "ಸರದೈತವ್ವಾ," ಎಂದಳು. ನಾನು ಎದ್ದು ನೋಡಿದೆ. ಬೇವಿನ ಮರ ಇರಲಿಲ್ಲ, ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರೂ ಇರಲಿಲ್ಲ. ಎದುರಿಗೆ ಹಸಿ ಇಟ್ಟಿಗೆಯ ರಾಶಿ, ಅದರಾಚೆ ನಾನು ಎಂದೂ ಕಾಣದ ಒಂದು ಗೋಡೆ. ಗುರುಪಾದನಿಗೆ ಫೋನ್ ಮಾಡಿದೆ. ಅವನಿನ್ನೂ ಹಳ್ಳದ ಈಚೆಯಲ್ಲೇ ಇದ್ದ. ಎಲ್ಲಿಗೆ ಬರಲಿ ಎಂದು ಕೇಳಿದ. ನಾನು ಎದುರಿಗೊಂದು ಗೋಡೆ ಇದೆ ಎಂದೆ. ಊರಿಗೆಲ್ಲ ರೇಗಾಡುವವಳು ಅಂದು ನಾನೇ ಆ ಮಾತನ್ನು ಹೇಳಿದೆ. ನನ್ನ ಹೆದರಿಕೆ ಹುಲಿಗೆವ್ವನಿಗೆ ತಿಳಿಯಬಾರದೆಂದು ಸುಮ್ಮಸುಮ್ಮನೆ ಅವಳ ಸೆರಗು ಸರಿಮಾಡಿದೆ.

"ಹೋದ ಸಲಾನೂ ಹಿಂಗ ಆಗಿತ್ರೀ ಅಕ್ಕಾರ," ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. "ಗಾಡಿ ಬಾರ್ಸೂದು ಕೇಳಿಸ್ತಿತ್ತು. ದೂರ ದೂರ ಹೋತು."

ಸುಳ್ಳು ಧೈರ್ಯ ಹೇಳುವುದು ನಮ್ಮ ಕೆಲಸದ ಅರ್ಧ ಭಾಗ. ಆ ಹೊತ್ತು ಅದೂ ಬರಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಕಣ್ಣು ಮಂಜಾದ ಮುದುಕಿ, ಗೋಡೆಗೆ ಕೈಯಾನಿಸಿಕೊಂಡು, ಮೂಗು ಮೇಲೆತ್ತಿ ಗಾಳಿ ಹಿಡಿಯುತ್ತ ಹೊರಟೇಬಿಟ್ಟಳು. ಎಲ್ಲಿಗೆ ಅಮ್ಮಾ ಎಂದು ಕೂಗಿದೆ. "ಭಟ್ಟಿಗೆ ಹೇಳಿ ಬರಬೇಕಲ್ಲವ್ವಾ," ಎಂದಳು. ಮನೆ ಸರಿದರೆ ಭಟ್ಟಿಗೆ ಹೇಳಬೇಕು, ಅದು ಪದ್ಧತಿ. ಸೊಸೆ ಸಾಯುತ್ತಿರಲಿ, ಬದುಕುತ್ತಿರಲಿ. ಈ ಮುದುಕಿಗೆ ಈಗ ಚುರುಮುರಿಯ ಚಿಂತೆಯೇ ಎಂದು ಮನಸ್ಸಿನಲ್ಲೇ ಸಿಡುಕಿದೆ.

ಬಲ್ಬು ಮತ್ತೆ ಹತ್ತಿತು. ನಾನು ಹುಲಿಗೆವ್ವನ ನಾಡಿ ಹಿಡಿದು ಎಣಿಸಿದೆ, ಕೂಸಿನದು ಎಣಿಸಿದೆ, ಮತ್ತೆ ಅವಳದು ಎಣಿಸಿದೆ. ಗುರುಪಾದ ಎಲ್ಲಿದ್ದಾನೋ ಎಂದು ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ಅತ್ತೆಯೂ ಇನ್ನೂ ಬರಲಿಲ್ಲ. ಹುಲಿಗೆವ್ವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟರೆ ಹೇಗೆ ಎಂಬ ಹುಚ್ಚು ಯೋಚನೆಯೂ ಬಂತು.

ಆಗ ಹಾರ್ನ್ ಕೇಳಿಸಿತು. ದೂರ ಹೋಗುವ ಹಾರ್ನ್ ಅಲ್ಲ, ಹತ್ತಿರ ಬರುವುದು. ಇಟ್ಟಿಗೆ ರಾಶಿಯನ್ನು ಬಳಸಿ ನಮ್ಮ ಗಾಡಿ ಸೀದಾ ಬಾಗಿಲಿಗೇ ಬಂದು ನಿಂತಿತು. ಗುರುಪಾದ ಸ್ಟ್ರೆಚರ್ ಎಳೆಯುತ್ತಲೇ, "ಸೇತುವೆ ಕಿರಾಣಿ ಅಂಗಡ್ಯಾಗ ಹೆಸರು ಹಾಕಿದ್ನಿ ಸಿಸ್ಟರ್, ಹೇಳಿಬಿಡ್ತು!" ಎಂದ. ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದಳು, ಉಡಿಯಲ್ಲಿ ಚುರುಮುರಿ. ಅವಳನ್ನು ದಾರಿಯಲ್ಲಿ ಹತ್ತಿಸಿಕೊಂಡು ಬಂದಿದ್ದನಂತೆ.

ಹೊತ್ತು ಮುಳುಗುವ ಮೊದಲೇ ಡಾಕ್ಟರಮ್ಮ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ತುಸು ಚಿಕ್ಕದು, ಆದರೆ ಅದರ ದನಿ ಚಿಕ್ಕದಿರಲಿಲ್ಲ. ಹುಲಿಗೆವ್ವನ ಬಿಪಿ ಇಳಿಯಲು ಕೆಲವು ದಿನ ಹಿಡಿಯಿತು, ಇಳಿಯಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಹೊತ್ತು ಅತ್ತುಬಿಟ್ಟೆ.

ಏನಾಯಿತೆಂಬುದು ಆಮೇಲೆ ಒಂದೊಂದಾಗಿ ತಿಳಿಯಿತು. ನಾನು ಲೈನ್ ಆಫೀಸಿನ ಮೆಟ್ಟಿಲು ಇಳಿದು ಸ್ಕೂಟರ್ ಏರುವಷ್ಟರಲ್ಲಿ ಪಂಪಣ್ಣ, ಊರಿನ ಯಂತ್ರಗಳೆಲ್ಲ ಇನ್ನು ಮುಂದೆ ಮೊದಲು ಫಕೀರವ್ವನನ್ನು ಕೇಳಲಿ, ಅವಳು ಸಿಗದಿದ್ದರೆ ಲೈನ್ ಆಫೀಸನ್ನು ಕೇಳಲಿ ಎಂದು ಬರೆದಿಟ್ಟಿದ್ದರು. ಆಮೇಲೆ ಕರೆಂಟ್ ಹೋಯಿತು. ಆ ಸಲ ಭಟ್ಟಿಯೂ ಮತ್ತೊಮ್ಮೆ ಸರಿದಿತ್ತು. ಕರೆಂಟ್ ಬಂತು, ಭಟ್ಟಿಯ ಯಂತ್ರ ತನ್ನ ಹೊಸ ಜಾಗ ಹೇಳಿಕೊಂಡಿತು, ಊರಿನ ಅಂಗಡಿಗಳ ಕಡತಗಳಲ್ಲೆಲ್ಲ ಹಳೆಯ ಸಾಲು ಅಳಿದು ಹೊಸ ಸಾಲು ತಾನಾಗಿ ಬಂದು ಕೂತಿತು. ಯಾವ ಅಂಗಡಿಯವನೂ ಬೆರಳೆತ್ತಲಿಲ್ಲ, ಯಾವನಿಗೂ ಗೊತ್ತೂ ಆಗಲಿಲ್ಲ. ಅತ್ತೆ ಭಟ್ಟಿ ಮುಟ್ಟಿ ಹೇಳಿದಳು, ಫಕೀರವ್ವ ಒಂದು ಬೆರಳಿನಲ್ಲಿ ಕುಟ್ಟಿದಳು. ಸೇತುವೆಯ ಬಳಿಯ ಕಿರಾಣಿ ಅಂಗಡಿಯಲ್ಲಿ ಗುರುಪಾದ ಒಂದು ಕೊನೆಯ ಆಸೆಯಿಂದ ಹೆಸರು ಹಾಕಿದ. ಯಾರಾದರೂ ಕೂತು ಕೈಯಿಂದ ತಿದ್ದಲಿ ಎಂದು ಕಾದಿದ್ದರೆ ಇವತ್ತು ಆ ಕೂಸು ಇರುತ್ತಿರಲಿಲ್ಲ. ಇಡೀ ಊರಿನಲ್ಲಿ ಏನೂ ಹೇಳದೆ ಸುಮ್ಮನಿದ್ದ ಯಂತ್ರ ಒಂದೇ, ನಾನು ಬೀಗ ಹಾಕಿಸಿದ್ದು.

ಖಾಜಾಸಾಬರು ಮದುವೆಯಿಂದ ಬಂದವರು ನಾನು ಹೇಳುವ ಮೊದಲೇ ಆ ಬೀಗ ತೆಗೆದರು. ಆಮೇಲೆ ಮದುವೆಯ ಲಾಡು ಕೊಟ್ಟರು.

ನಾನು ಫಕೀರವ್ವನ ಹತ್ತಿರ ಹೋಗಿ ದೊಡ್ಡದೊಂದು ಪೊಟ್ಟಣ ಚುರುಮುರಿ ಕಟ್ಟಿಸಿಕೊಂಡು ಲೈನ್ ಆಫೀಸಿಗೆ ಹೋದೆ. ಕೈ ಮುಗಿದೆ. ನನ್ನಂಥವಳು ಅಷ್ಟು ಸುಲಭಕ್ಕೆ ಕೈ ಮುಗಿಯುವುದಿಲ್ಲ ಎಂಬುದು ಊರಿಗೇ ಗೊತ್ತು. ಪಂಪಣ್ಣ ಗಾಬರಿಯಾಗಿ ಎದ್ದು ನಿಂತರು.

"ನಾ ಏನ್ ಮಾಡೀನ್ರೀ ಸಿಸ್ಟರ್? ನನ್ನ ಕೆಲಸ ಮಾಡೀನಿ. ಮನಿ ಸರೀತಾವ, ಸಾಲು ಬದಲಾಗಬೇಕು. ಮಂದಿ ಯಾಕ ಬದಲ ಮಾಡ್ತೀಯೋ ಅಂತ ಬೈತಾರ. ಬೈಲಿ." ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡು, "ಉಪ್ಪು ಸ್ವಲ್ಪ ಜಾಸ್ತಿ ಆಗೇತಿ ಅಂತ ಹೇಳ್ರಿ ಆಕೀಗೆ," ಎಂದರು.

ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಉಪ್ಪಿನ ಮಾತಿಗೂ ನಾನು ತಲೆಯಾಡಿಸಿದೆ. ಈಗಲೂ ಕರೆಂಟ್ ಬಂದು ಫ್ಯಾನ್ ತಿರುಗತೊಡಗಿದಾಗ ನನಗೆ ಆ ಕಡತ ನೆನಪಾಗುತ್ತದೆ. ಎಲ್ಲೋ ಯಂತ್ರದ ಹೊಟ್ಟೆಯಲ್ಲಿ, ನಮ್ಮನ್ನು ಕೇಳದೆ, ನಮ್ಮಿಂದ ಬೈಸಿಕೊಳ್ಳುತ್ತ, ಯಾರೋ ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತಿದ್ದಾರೆ. ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಹುಲಿಗೆವ್ವನನ್ನು ಮನೆಗೆ ಕಳಿಸುವ ದಿನ ನಾನೇ ಜೊತೆಗೆ ಹೊರಟೆ. ಗಾಡಿ ಬೇಡ, ಸೇತುವೆಯಿಂದ ನಡೆದೇ ಹೋಗೋಣ, ಕೂಸು ಊರು ನೋಡಲಿ ಎಂದಳು. ಅರ್ಧ ಸೇತುವೆ ದಾಟಿದ್ದೆವು, ಆಚೆಯ ಕೇರಿಯ ದೀಪಗಳು ಆರಿದವು. ಮೊದಲಾಗಿದ್ದರೆ ನಾನು ಕೆಇಬಿಯಿಂದ ಹಿಡಿದು ಲೈನ್ ಆಫೀಸಿನವರೆಗೆ ಎಲ್ಲರ ಜನ್ಮ ಜಾಲಾಡುತ್ತಿದ್ದೆ. ಈಗ ಸೇತುವೆಯ ಕಟ್ಟೆಯ ಮೇಲೆ ಕೂತು, ಕೂಸನ್ನು ಮಡಿಲಿಗೆ ಹಾಕಿಕೊಂಡು ಕಾದೆ. ಹುಲಿಗೆವ್ವನೂ ಕೂತಳು. ಕರೆಂಟ್ ಬಂತು. ಭಟ್ಟಿಗೆ ಹೇಳಿಬರಲು, ಮೊದಲೇ ಮನೆಗೆ ಹೋಗಿದ್ದ ಅತ್ತೆಗೆ ಸ್ವಲ್ಪ ಹೊತ್ತು ಬೇಕೆಂದು ಇನ್ನೂ ತುಸು ಕೂತೆವು. ಆಮೇಲೆ ಖಾಜಾಸಾಬರಿಗೆ ಫೋನ್ ಮಾಡಿ ಹೆಸರು ಹಾಕಿ ನೋಡಲು ಹೇಳಿದೆ. ಅವರು ಓದಿ ಹೇಳಿದರು: ಬಾವಿ ಓಣಿ, ಬಲಕ್ಕೆ ಮೊದಲನೆಯ ಮನೆ.

"ಯಾರ ಹೆಸರು ಹಾಕಿದ್ರಂತ ಅಕ್ಕಾರ?" ಎಂದು ಹುಲಿಗೆವ್ವ ಕೇಳಿದಳು.

"ನಿನ್ನದೇ."

"ನಮ್ಮ ಮನಿಯವರದಲ್ಲೇನು? ನಮ್ಮತ್ತೀದೂ ಅಲ್ಲೇನು?"

"ಅಲ್ಲ. ಹುಲಿಗೆವ್ವ ಎಂದು ಹಾಕಿದರೆ ಬರುತ್ತದೆ. ಊರಿನಲ್ಲಿ ಯಾರು ಹಾಕಿದರೂ ಬರುತ್ತದೆ."

ಅವಳು ಎದ್ದು, ಸೆರಗು ಸಿಕ್ಕಿಸಿಕೊಂಡು, ಕೂಸನ್ನು ನನ್ನ ಮಡಿಲಿನಿಂದ ಎತ್ತಿಕೊಂಡಳು. ಆ ಕೇರಿಯಲ್ಲಿ ಅವಳ ಮನೆಯನ್ನು ಇಷ್ಟು ದಿನ ನಾನು ಒಬ್ಬಳೇ ಹುಡುಕಿಕೊಂಡು ಹೋದವಳು. ಅಂದು ಅವಳು ಮುಂದೆ ನಡೆದಳು, ಸೇತುವೆಯ ಮೇಲೆ ಎದುರಾದವರಿಗೆಲ್ಲ ತಾನಾಗಿಯೇ, "ಬಾವಿ ಓಣ್ಯಾಗ ಅದೇವ್ರೀ, ಬಲಕ್ಕ ಮೊದಲನೇ ಮನಿ, ಕೂಸು ನೋಡಾಕ ಬರ್ರಿ," ಎಂದು ಹೇಳುತ್ತ. ನಾನು ಕಣ್ಣೊರೆಸಿಕೊಂಡು ಅವಳ ಹಿಂದೆ ಹೋದೆ.